ಸಂಸಾರಿ ಜೀವಕ್ಕೆ ಹದಿನಾಲ್ಕು ಪ್ರಶ್ನೆಗಳು

ಮಲೆನಾಡಿಗೆ ಮಳೆ ಹಿಡಿಯಿತೆಂದರೆ ಹೊಸನಗರ ತಾಲ್ಲೂಕಿನ ಹುಂಚದಲ್ಲಾಗಲಿ, ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಯಲ್ಲಾಗಲಿ ಜೀವವಿಲ್ಲದ ಒಂದು ಗೇಣು ನೆಲ ಸಿಗುವುದು ಕಷ್ಟ. ಕಲ್ಲುಮೆಟ್ಟಿಲಿಗೆ ಹಾವಸೆ ಕಟ್ಟುತ್ತದೆ, ದರಕಿನ ಅಡಿಯಿಂದ ಇಂಬಳ ತಲೆಯೆತ್ತುತ್ತದೆ. ಜೈನ ಮುನಿಗಳು ಈ ತಿಂಗಳುಗಳಲ್ಲಿ ವಿಹಾರ ನಿಲ್ಲಿಸಿ ಒಂದೆಡೆ ಚಾತುರ್ಮಾಸಕ್ಕೆ ನಿಲ್ಲುವುದೂ ಇದೇ ಕಾರಣಕ್ಕೆ. ಯಾವುದನ್ನೂ ತುಳಿಯಬಾರದೆಂದು ನಿಶ್ಚಯಿಸಿದವರು ಯಾವುದು ಜೀವ, ಅದು ಎಂಥ ಅವಸ್ಥೆಯಲ್ಲಿದೆ ಎಂಬುದನ್ನು ಮೊದಲು ತಿಳಿದಿರಬೇಕಷ್ಟೆ.

ಜೈನ ಸಿದ್ಧಾಂತದಲ್ಲಿ ಜೀವಗಳು ಎರಡು ಬಗೆ: ಹುಟ್ಟುಸಾವುಗಳಿಂದ ಬಿಡುಗಡೆ ಪಡೆದ ಮುಕ್ತ ಮತ್ತು ಅವುಗಳಲ್ಲೇ ಸುತ್ತುವ ಸಂಸಾರಿ. ಮುಕ್ತರ ವಿಚಾರ ಬೇಗ ಮುಗಿಯುತ್ತದೆ. ಸಂಸಾರಿಯನ್ನು ಗುರುತಿಸಲು ಮಾತ್ರ ಹದಿನಾಲ್ಕು ಮಾರ್ಗಣೆಗಳು, ಅಂದರೆ ಹುಡುಕುವ ದಾರಿಗಳು ಬೇಕಾಗುತ್ತವೆ. ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ 10ನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ 'ಗೊಮ್ಮಟಸಾರ'ದ ಜೀವಕಾಂಡ ಇವನ್ನು ವಿವರಿಸುತ್ತದೆ. 14ನೆಯ ಶತಮಾನದಲ್ಲಿ ಕೇಶವವರ್ಣಿ ಅದಕ್ಕೆ ಕನ್ನಡದಲ್ಲಿ ವೃತ್ತಿ, ಅಂದರೆ ವ್ಯಾಖ್ಯಾನ ಬರೆದ. ಗತಿ (ಹುಟ್ಟಿನ ನೆಲೆ), ಇಂದ್ರಿಯ, ಕಾಯ, ಯೋಗ (ಮನಸ್ಸು, ಮಾತು, ಮೈಗಳ ಚಟುವಟಿಕೆ), ವೇದ (ಲಿಂಗಭಾವ), ಕಷಾಯ (ಕ್ರೋಧ, ಲೋಭದಂಥ ವಿಕಾರ), ಜ್ಞಾನ, ಲೇಶ್ಯೆ (ಜೀವದ ಭಾವಕ್ಕೆ ಹೇಳುವ ಬಣ್ಣ) ಮೊದಲಾದ ಈ ಪ್ರಶ್ನೆಗಳನ್ನು ಒಂದೇ ಜೀವಕ್ಕೆ ಒಟ್ಟಿಗೆ ಕೇಳಬೇಕು. ಹೀಗಾಗಿ ಇದು ಒಂದು ಪೆಟ್ಟಿಗೆಯೊಳಗೆ ಇನ್ನೊಂದನ್ನಿಡುವ ವರ್ಗೀಕರಣವಲ್ಲ.

ಇಂಬಳವನ್ನೇ ಎತ್ತಿಕೊಳ್ಳೋಣ. ಗತಿಯಲ್ಲಿ ಅದು ತಿರ್ಯಂಚ, ಅಂದರೆ ಪ್ರಾಣಿ, ಸಸ್ಯಗಳ ನೆಲೆಯದು. ಕಾಯದಲ್ಲಿ ತ್ರಸ, ಅಂದರೆ ಚಲಿಸುವ ಜೀವ. ಇಂದ್ರಿಯಗಳು ಎರಡು, ಸ್ಪರ್ಶ ಮತ್ತು ರಸನೆ. ವೇದದಲ್ಲಿ ನಪುಂಸಕ. ಮನಸ್ಸಿಲ್ಲದ್ದರಿಂದ ಅಸಂಜ್ಞಿ. ಲೇಶ್ಯೆ ಕೃಷ್ಣ, ನೀಲ, ಕಾಪೋತ ಎಂಬ ಮೂರು ಅಶುಭ ಬಣ್ಣಗಳೊಳಗೇ ಉಳಿಯುತ್ತದೆ. ಪ್ರಾಣಗಳ, ಅಂದರೆ ಬದುಕನ್ನು ಹಿಡಿದಿಡುವ ಶಕ್ತಿಗಳ ಲೆಕ್ಕ ಇನ್ನೂ ಸ್ವಾರಸ್ಯದ್ದು. ಮೆಟ್ಟಿಲ ಮೇಲಿನ ಹಾವಸೆಯಂಥ ಏಕೇಂದ್ರಿಯಕ್ಕೆ ಸ್ಪರ್ಶ, ಕಾಯಬಲ, ಆಯು, ಶ್ವಾಸೋಚ್ಛ್ವಾಸ ಎಂಬ ನಾಲ್ಕು ಪ್ರಾಣಗಳಾದರೆ ಇಂಬಳಕ್ಕೆ ಆರು. ರಸನೆ ಬಂದೊಡನೆ ರುಚಿಯ ಜೊತೆಗೆ ವಚನಬಲವೂ ಬರುತ್ತದೆ. ಕಾಲಿಗೆ ಹತ್ತಿದ್ದನ್ನು ಸುಣ್ಣ, ಹೊಗೆಸೊಪ್ಪು ಹಚ್ಚಿ ಬಿಡಿಸುವವರಿಗೆ ಅದು ವಚನಶಕ್ತಿಯುಳ್ಳ ಜೀವವೆಂದರೆ ನಗು ಬಂದೀತು, ಆದರೆ ಶಾಸ್ತ್ರದ ಲೆಕ್ಕ ಅದೇ.

ಪ್ರಾಣಿಶಾಸ್ತ್ರ ಇದನ್ನು ಒಪ್ಪುವುದಿಲ್ಲ. ನೆಲದ ಇಂಬಳಕ್ಕೆ ಐದು ಜೊತೆ ಸರಳ ಕಣ್ಣುಗಳಿವೆ. ಹತ್ತಿರ ಬಂದವರ ಮೈಬಿಸಿಯನ್ನೂ ಉಸಿರಿನ ಇಂಗಾಲದ ಡೈ ಆಕ್ಸೈಡನ್ನೂ ಅದು ಗ್ರಹಿಸುತ್ತದೆ. ಗಂಡು, ಹೆಣ್ಣು ಎರಡೂ ಅಂಗಗಳು ಒಂದೇ ದೇಹದಲ್ಲಿರುವುದನ್ನು ನಪುಂಸಕ ವೇದಕ್ಕೆ ಸಮನೆಂದು ತೋರಿಸಿ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಬರೆಯುವುದು ಸುಲಭ. ಅದರಿಂದ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಉಪಕಾರವಿಲ್ಲ. ಲಿನ್ನೇಯಸ್ 18ನೆಯ ಶತಮಾನದಲ್ಲಿ ವಿಂಗಡಿಸಿದ್ದು ದೇಹರಚನೆಯನ್ನು. ಇಲ್ಲಿ ಅಳೆಯುತ್ತಿರುವುದು, ಜ್ಞಾನಾವರಣ ಕರ್ಮದ ಮುಸುಕು ಎಷ್ಟು ಸರಿದು ತಿಳಿವಿನ ಎಷ್ಟು ಬಾಗಿಲುಗಳು ತೆರೆದಿವೆ ಎಂಬುದನ್ನು. ದ್ವೀಂದ್ರಿಯವೆನ್ನುವುದು ಜೀವದ ಜಾತಿಯಲ್ಲ, ಈ ಭವದ ಅವಸ್ಥೆ. ಇದೇ ಜೀವ ಹಿಂದೆ ಮನುಷ್ಯನಾಗಿದ್ದಿರಬಹುದು, ಮುಂದೆ ಆಗಲೂಬಹುದು.

ಈ ಮಾರ್ಗಣೆಗಳ ಜೊತೆಗೆ ಹದಿನಾಲ್ಕು ಗುಣಸ್ಥಾನಗಳೆಂಬ, ಅಂದರೆ ಆತ್ಮ ಮೇಲೇರುವ ಮೆಟ್ಟಿಲುಗಳೆಂಬ ಇನ್ನೊಂದು ಅಳತೆಯಿದೆ. ಮೊದಲನೆಯದು ಮಿಥ್ಯಾತ್ವ, ಅಂದರೆ ತಪ್ಪು ನಂಬಿಕೆ; ಕೊನೆಯದು ಅಯೋಗಕೇವಲಿ, ಮೋಕ್ಷದ ಹೊಸ್ತಿಲು. ಗತಿಯಲ್ಲಿ ಮೇಲಿರುವವರು ಇಲ್ಲಿಯೂ ಮೇಲಿರಬೇಕೆಂದೇನಿಲ್ಲ. ದೇವತೆಗಳಿಗೆ ದೀರ್ಘಾಯುಸ್ಸು, ಸುಖ, ಇಂದ್ರಿಯಗಳ ನೆರವಿಲ್ಲದೆ ದೂರದ್ದನ್ನು ಅರಿಯುವ ಅವಧಿಜ್ಞಾನ ಇದ್ದರೂ ವ್ರತ ಹಿಡಿಯುವ ಅವಕಾಶವಿಲ್ಲದ್ದರಿಂದ ಅವರು ನಾಲ್ಕನೆಯ ಸ್ಥಾನವನ್ನು ದಾಟಲಾರರು. ಮನಸ್ಸುಳ್ಳ ಪಂಚೇಂದ್ರಿಯ ಪ್ರಾಣಿ, ಅದು ಹಸುವಿರಲಿ ಆನೆಯಿರಲಿ, ಅಣುವ್ರತಗಳೆಂಬ ಸಣ್ಣ ವ್ರತಗಳ ಬಲದಿಂದ ಐದನೆಯ ಸ್ಥಾನವಾದ ದೇಶವಿರತವನ್ನು, ಅಂದರೆ ಭಾಗಶಃ ವಿರತಿಯನ್ನು ಮುಟ್ಟಬಲ್ಲದು. ಮಹಾವೀರನ ಜೀವ ಹಿಂದೊಂದು ಭವದಲ್ಲಿ ಸಿಂಹವಾಗಿದ್ದು, ಮುನಿಗಳ ಉಪದೇಶದಿಂದ ವ್ರತ ಹಿಡಿಯಿತೆಂದು ಪುರಾಣ ಹೇಳುತ್ತದೆ. ಈ ಲೆಕ್ಕದಲ್ಲಿ ಆ ಸಿಂಹ ಇಂದ್ರನಿಗಿಂತ ಒಂದು ಸ್ಥಾನ ಮೇಲಿತ್ತು. ಆರನೆಯದರಿಂದ ಮುಂದಿನವೆಲ್ಲ ಮನುಷ್ಯಗತಿಯಲ್ಲಿ ಮಾತ್ರ.