ದರ ಪರದೆಗೆ ಬಂತು, ಉದ್ರಿ ಅಂಗಡಿಯಲ್ಲೇ ಉಳಿಯಿತು

ವ್ಯಾಪಾರ ಕಂಪ್ಯೂಟರಿಗೆ ಹೋದ ಮೇಲೆ ಕೊಡುವವರು ಕೊಳ್ಳುವವರ ನಡುವಿನ ನಂಬಿಕೆ ಏನಾಗುತ್ತದೆ ಎಂಬುದರ ಬಗ್ಗೆ ಪಿಎಚ್‌ಡಿ ಮಾಡಹೊರಟವರು ಸಾಮಾನ್ಯವಾಗಿ ಪ್ರಶ್ನಾವಳಿ ಹಿಡಿದು ಕಂಪನಿಗಳ ಬಾಗಿಲು ತಟ್ಟುತ್ತಾರೆ. ಕರ್ನಾಟಕದ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಯಾರ್ಡುಗಳಲ್ಲಿ ಇದೇ ಪ್ರಶ್ನೆಯ ಮೇಲೆ ದಶಕಕ್ಕೂ ಹೆಚ್ಚು ಕಾಲದಿಂದ ದೊಡ್ಡ ಪ್ರಯೋಗವೊಂದು ನಡೆದೇ ಇದೆ. ಇ-ಟೆಂಡರ್, ರಾಜ್ಯದ ಆನ್‌ಲೈನ್ ಮಾರುಕಟ್ಟೆ ಯುಎಂಪಿ, ಕೇಂದ್ರದ ಇ-ನಾಮ್, ಯಾರ್ಡಿನ ಹೊರಗೂ ವ್ಯಾಪಾರಕ್ಕೆ ಬಿಟ್ಟ 2020ರ ಕಾಯ್ದೆ ತಿದ್ದುಪಡಿ, 2023ರಲ್ಲಿ ಅದನ್ನು ಹಿಂಪಡೆಯಲು ಬಂದ ವಿಧೇಯಕ, ಇವೆಲ್ಲ ಒಂದರ ಮೇಲೊಂದು ಬಿದ್ದಿರುವುದರಿಂದ ಯಾವುದು ಏನನ್ನು ಬದಲಿಸಿತು ಎಂದು ಬಿಡಿಸಿ ಹೇಳುವುದು ಕಷ್ಟವಾಗಿದೆ.

ಹಳೆಯ ಕಥೆ ಚುಟುಕಾಗಿ ಹೀಗೆ: ಟವಲಿನಡಿ ಬೆರಳು ಹಿಡಿದು ದರ ಕುದುರಿಸುತ್ತಿದ್ದ ಕಾಲ (ದನದ ಜಾತ್ರೆಗಳಲ್ಲಿ ಅದು ಇನ್ನೂ ಜೀವಂತ), ನಿಯಂತ್ರಿತ ಮಾರುಕಟ್ಟೆ ಬೇಕೆಂದ 1928ರ ರಾಯಲ್ ಕೃಷಿ ಆಯೋಗ, 1966ರ ರಾಜ್ಯ ಕಾಯ್ದೆ, ಆಮೇಲೆ ಯಾರ್ಡು, ಸಮಿತಿ, ಸೆಸ್, ಲೈಸೆನ್ಸ್. ರೈತ ತಂದ ಮಾಲು ದಲಾಲಿ (ಕಮಿಷನ್ ಏಜೆಂಟ್) ಅಂಗಡಿಯ ಮುಂದೆ ಇಳಿಯಬೇಕು, ನಾಲ್ಕು ಜನರೆದುರು ದರ ನಿಲ್ಲಬೇಕು, ದಲಾಲಿ ಕಮಿಷನ್ ಖರೀದಿದಾರ ಕೊಡಬೇಕು, ರೈತನಿಂದ ಕೀಳಬಾರದು. ಯಾರ್ಡಿನೊಳಗೆ ಕಾಗದದ ಮೇಲೆ ಇಂದಿಗೂ ಇದೇ ನಿಯಮ.

ಅಡಿಕೆ, ಕೊಬ್ಬರಿ, ಮೆಣಸಿನಕಾಯಿ, ತೊಗರಿಯಂಥ ಮಾಲಿಗೆ ಬಹಿರಂಗ ಹರಾಜಿಗಿಂತ ಚೀಟಿ ಟೆಂಡರ್ ಒಗ್ಗಿತು. ವರ್ತಕರು ಅಂಗಡಿ ಅಂಗಡಿ ಸುತ್ತಿ, ರಾಶಿ ನೋಡಿ, ಆ ರಾಶಿಯ ಲಾಟ್ ನಂಬರಿನ ಮುಂದೆ ದರ ಬರೆದು ಚೀಟಿ ಪೆಟ್ಟಿಗೆಗೆ ಹಾಕುತ್ತಿದ್ದರು. ಗಡುವು ಮುಗಿದ ಮೇಲೆ ಚೀಟಿ ಬಿಡಿಸಿ ಓದುವುದು. ಎಡವಟ್ಟಾಗುತ್ತಿದ್ದುದು ಇಲ್ಲೇ. ಗಡುವು ದಾಟಿದ ಮೇಲೆ ಸೇರಿಕೊಳ್ಳುವ ಚೀಟಿ, ಏಳೋ ಒಂಬತ್ತೋ ತಿಳಿಯದ ಅಂಕಿ, ಅಕ್ಕಪಕ್ಕದ ಲಾಟಿನ ದರ ಅದಲುಬದಲು. ಸಾವಿರಾರು ಲಾಟ್ ಬಂದ ದಿನ ಎಣಿಕೆ ಮುಗಿಯುವಷ್ಟರಲ್ಲಿ ಕತ್ತಲು. ಊರಿಗೆ ಹೋಗುವ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿರುವ ರೈತ ಯಾವ ದರಕ್ಕೂ ತಲೆಯಾಡಿಸುತ್ತಾನೆ.

ಇಷ್ಟನ್ನು ಕಂಪ್ಯೂಟರ್ ನಿಜಕ್ಕೂ ಸರಿಮಾಡಿತು. ರಾಜ್ಯ 2013ರಲ್ಲಿ ಕೃಷಿ ಮಾರುಕಟ್ಟೆ ನೀತಿ ತಂದಿತು. 2014ರಲ್ಲಿ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಎಂಬ ಸರಕು ವಹಿವಾಟು ಕಂಪನಿ ಸಮಪಾಲಿನಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವೀಸಸ್ ಕಂಪನಿ ಕಟ್ಟಿ, ಏಕೀಕೃತ ಮಾರುಕಟ್ಟೆ ವೇದಿಕೆ, ಅಂದರೆ ಯುಎಂಪಿ, ಶುರು ಮಾಡಿದವು. ಕೇಂದ್ರದ ಇ-ನಾಮ್ ಬಂದದ್ದು ಅದಾದ ಎರಡು ವರ್ಷಕ್ಕೆ, 2016ರ ಏಪ್ರಿಲ್ 14ರಂದು.

ಯುಎಂಪಿಯಲ್ಲಿ ಕೆಲಸ ಸಾಗುವ ಬಗೆ ನೋಡಿ. ಗೇಟಿನಲ್ಲಿ ರೈತನ ಹೆಸರು, ಮಾಲು, ಚೀಲದ ಲೆಕ್ಕ, ದಲಾಲಿ ಅಂಗಡಿ ದಾಖಲಾಗಿ ಲಾಟ್ ನಂಬರ್ ಹುಟ್ಟುತ್ತದೆ. ವರ್ತಕರು ಮಾಲು ನೋಡಿ ತಮ್ಮ ಲಾಗಿನ್‌ನಲ್ಲಿ ದರ ಹಾಕುತ್ತಾರೆ. ಗಡುವು ಮುಗಿಯುವವರೆಗೆ ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ಮುಗಿದೊಡನೆ ಪ್ರತಿ ಲಾಟಿನ ಅತಿ ಹೆಚ್ಚಿನ ದರ ಪ್ರಕಟವಾಗುತ್ತದೆ. ರೈತ ಒಪ್ಪಿದರೆ ತೂಕ, ತಕಪಟ್ಟಿ, ಬಿಲ್ಲು. ಒಪ್ಪದಿದ್ದರೆ ಮಾಲು ಮರುದಿನದ ಟೆಂಡರಿಗೆ. ಕೊನೆಯ ಹೆಜ್ಜೆಯಾಗಿ ಹಣ ನೇರವಾಗಿ ರೈತನ ಬ್ಯಾಂಕ್ ಖಾತೆಗೆ ಹೋಗಬೇಕೆಂಬುದು ಯೋಜನೆ.

ಫಲ ಸಿಗಲಿಲ್ಲವೆಂದಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪಾಲುಗೊಂಡು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಯುಎಂಪಿಯಿಂದ ಭತ್ತದ ದರ ಸರಾಸರಿ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತು. ಹತ್ತಿ, ಹೆಸರು, ತೊಗರಿಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಒಂದೇ ತಂತ್ರಾಂಶ, ಒಂದೇ ನಿಯಮ, ಆದರೂ ಒಂದು ಬೆಳೆಗೆ ಫಲ, ಇನ್ನೊಂದಕ್ಕಿಲ್ಲ. ಸಂಶೋಧನೆಗೆ ಕೂತವರು ಹಿಡಿಯಬೇಕಾದ ಎಳೆ ಇದು ಎಂದು ನನಗನ್ನಿಸುತ್ತದೆ.

ಮೊದಲ ಅಡಚಣೆ ಮಾಲಿನ ಗುಣಮಟ್ಟ. ದೂರದ ವರ್ತಕ ಪರದೆ ನೋಡಿ ದರ ಹಾಕಬೇಕಾದರೆ ಲಾಟಿನ ತೇವಾಂಶ, ಬಣ್ಣ, ಕಸಕಡ್ಡಿಯ ಪ್ರಮಾಣ ಯಾರೋ ಅಳೆದು ಬರೆದಿರಬೇಕು. ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಡಬ್ಬಿ ತಳಿಯೋ ಕಡ್ಡಿ ತಳಿಯೋ, ತೊಟ್ಟು ಬಿಗಿಯಿದೆಯೋ, ಚೀಲದ ತಳದಲ್ಲಿ ಹಸಿ ಕಾಯಿ ಇದೆಯೋ ಎಂಬುದನ್ನು ವರ್ತಕ ಕೈಯಲ್ಲಿ ಹಿಂಡಿ, ಮುರಿದು, ಸದ್ದು ಕೇಳಿ ತಿಳಿಯುತ್ತಾನೆ. ಸೀಸನ್ನಿನಲ್ಲಿ ಒಂದೇ ದಿನದ ಆವಕ ಲಕ್ಷ ಚೀಲ ದಾಟುತ್ತದೆ. 10,000 ಲಾಟ್ ಬಂದಿವೆ, ನೋಡಲು ನಾಲ್ಕು ತಾಸು ಇದೆ ಎಂದಿಟ್ಟುಕೊಳ್ಳಿ, ಲಾಟಿಗೆ ಒಂದೂವರೆ ಸೆಕೆಂಡೂ ಸಿಗದು. ಲ್ಯಾಬಿಗೂ ಅಷ್ಟು ಸ್ಯಾಂಪಲ್ ಪರೀಕ್ಷಿಸಲಾಗದು. ಹಾಗಾಗಿ ವರ್ತಕ ತನಗೆ ಗೊತ್ತಿರುವ ಅಂಗಡಿಗಳ ಲಾಟಿಗೆ ಮಾತ್ರ ದರ ಹಾಕುತ್ತಾನೆ. ‘ಆ ಅಂಗಡಿಯವರು ಹಸಿ ಮಾಲಿನ ಮೇಲೆ ಒಣ ಮಾಲು ಸುರಿಯುವುದಿಲ್ಲ’ ಎಂಬ ಹಳೆಯ ಭರವಸೆಯೇ ಪರೀಕ್ಷಾ ವರದಿಯ ಜಾಗದಲ್ಲಿ ಕೂತಿರುತ್ತದೆ. ಪರದೆಯ ಮೇಲೆ ಮಾರುಕಟ್ಟೆ ಏಕೀಕೃತ, ದರ ಹಾಕುವವರು ಬಹುತೇಕ ಅದೇ ಊರಿನವರು.

ಎರಡನೆಯದು ದುಡ್ಡು. ದಲಾಲಿಯನ್ನು ದರದ ನಡುವೆ ನಿಂತ ಮಧ್ಯವರ್ತಿ ಎಂದಷ್ಟೇ ನೋಡಿದ್ದು ಇಡೀ ಸುಧಾರಣೆಯ ದೊಡ್ಡ ಕುರುಡು. ಅವನು ಎರಡೂ ಕಡೆಗೆ ಸಾಲ ಕೊಡುವವನು. ಬಿತ್ತನೆಗೆ, ಗೊಬ್ಬರಕ್ಕೆ, ಮಗಳ ಮದುವೆಗೆ ರೈತನಿಗೆ ಮುಂಗಡ ಕೊಡುತ್ತಾನೆ. ಮಾಲು ಮಾರಿದ ದಿನ ಕೈಯಿಂದ ಹಣ ಎಣಿಸುತ್ತಾನೆ. ಅದೇ ಮಾಲು ಕೊಂಡ ವರ್ತಕನಿಗೆ ಹದಿನೈದು ದಿನವೋ ತಿಂಗಳೋ ಉದ್ರಿ ಬಿಡುತ್ತಾನೆ. ಖರೀದಿದಾರನಿಂದ ರೈತನ ಖಾತೆಗೆ ನೇರ ಪಾವತಿ ಎಂದೊಡನೆ ಈ ಎರಡೂ ಕೊಂಡಿ ಕಳಚುತ್ತವೆ. ವರ್ತಕ ಅಂದೇ ನಗದು ಹೊಂದಿಸಬೇಕು, ದಲಾಲಿಗೆ ಮುಂಗಡ ಹಿಡಿದುಕೊಳ್ಳಲು ದಾರಿ ಇರದು. ಆದ್ದರಿಂದ ಅನೇಕ ಕಡೆ ಟೆಂಡರ್ ಆನ್‌ಲೈನ್ ಆಯಿತು, ಲೆಕ್ಕ ಅಂಗಡಿಯಲ್ಲೇ ಉಳಿಯಿತು. ಅಧಿಕೃತ ಬಿಲ್ಲಿನ ಜೊತೆಗೆ ಬಿಳಿ ಚೀಟಿಯೂ ಉಳಿಯಿತು. ಕಮಿಷನ್, ಸೂಟು (ತೂಕದಲ್ಲಿ ಮುರಿಯುವ ಕಡಿತ), ಹಮಾಲಿ, ಸ್ಯಾಂಪಲ್ ಎಂದು ರೈತನಿಂದ ಮುರಿಯುವ ಮೊತ್ತ ಇರುವುದು ಅದರಲ್ಲಿ, ಸರ್ವರಿನಲ್ಲಿ ಅಲ್ಲ. ರೈತನಿಗೆ ಇದು ಗೊತ್ತಿಲ್ಲವೆಂದಲ್ಲ. ಜೂನ್‌ನಲ್ಲಿ ಫೋನ್ ಮಾಡಿದರೆ ಹಣ ಕಳಿಸುವವರು ಯಾರು ಎಂಬ ಲೆಕ್ಕವೂ ಅವನಿಗಿದೆ.

ಮೂರನೆಯದು ತಪ್ಪಾದಾಗ ಉತ್ತರ ಕೊಡುವವರು ಯಾರು ಎಂಬುದು. ದರ ಹಾಕುವಾಗ ಒಂದು ಸೊನ್ನೆ ಹೆಚ್ಚು ಬಿದ್ದರೆ 15,000 ರೂಪಾಯಿ 1,50,000 ಆಗುತ್ತದೆ. ವರ್ತಕ ಕಣ್ತಪ್ಪು ಎನ್ನುತ್ತಾನೆ, ಪ್ರಕಟವಾದ ದರ ಕಂಡ ರೈತ ಬಿಡಲೊಲ್ಲ. ಸರ್ವರ್ ನಿಂತ ದಿನ ಗಡುವು ಮುಂದಕ್ಕೆ ಹೋಗುತ್ತದೆ, ಆ ಹೆಚ್ಚುವರಿ ಹೊತ್ತಿನಲ್ಲಿ ಏನಾಯಿತೋ ಎಂಬ ಗುಮಾನಿ ಹುಟ್ಟುತ್ತದೆ. ಹಿಂದೆ ಜಗಳ ಅಂಗಡಿಯ ಕಟ್ಟೆಯ ಮೇಲೆ ಮುಗಿಯುತ್ತಿತ್ತು, ದಲಾಲಿ ಕ್ವಿಂಟಲಿಗೆ ನೂರಿನ್ನೂರು ಏರಿಸಿ ಸಮಾಧಾನ ಮಾಡುತ್ತಿದ್ದ. ಈಗ ‘ಕಂಪ್ಯೂಟರ್ ಹೇಳಿದ್ದು’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಯತ್ತ ತಿರುಗಿತು, ವಾಹನಗಳು ಸುಟ್ಟವು. ಆವಕ ವಿಪರೀತವಿತ್ತು ಎಂಬುದು ಒಂದು ವಿವರಣೆ, ಮಾಲು ಹಸಿಯಿತ್ತು ಎಂಬುದು ವರ್ತಕರ ವಾದ. ಎರಡೂ ನಿಜವಿರಬಹುದು. ಆದರೆ ಪರದೆ ದರವನ್ನಷ್ಟೇ ತೋರಿಸುತ್ತದೆ, ಕಾರಣವನ್ನಲ್ಲ. ಈ ಲಾಟಿಗೆ ಎಷ್ಟು ಜನ ದರ ಹಾಕಿದರು, ಇಬ್ಬರೋ ಇಪ್ಪತ್ತೋ ಎಂಬುದನ್ನು ಗೆದ್ದ ದರದ ಪಕ್ಕದಲ್ಲೇ ರೈತನಿಗೆ ಹೇಳಿದರೆ ಅರ್ಧ ಗುಮಾನಿ ಕಡಿಮೆಯಾದೀತು. ಅದಕ್ಕೆ ಹೊಸ ತಂತ್ರಾಂಶ ಬೇಡ, ಅಂಕಿ ದಾಖಲೆಯಲ್ಲಿ ಆಗಲೇ ಇರುತ್ತದೆ.

ಸಾಲವನ್ನೂ ಅಂಗಡಿಯಿಂದ ಬಿಡಿಸುವ ಯತ್ನವಾಗಿ 2017ರಲ್ಲಿ ಇಲೆಕ್ಟ್ರಾನಿಕ್ ಗೋದಾಮು ರಸೀದಿ ಬಂತು. ನೋಂದಾಯಿತ ಗೋದಾಮಿನಲ್ಲಿ ಮಾಲಿಟ್ಟು, ರಸೀದಿಯನ್ನು ಬ್ಯಾಂಕಿಗೆ ಅಡವಿಟ್ಟು ಸಾಲ ಪಡೆದು, ದರ ಏರಿದಾಗ ಮಾರಬಹುದು. ಕೊಯ್ಲಿನ ಹೊತ್ತಿನ ಅವಸರದ ಮಾರಾಟಕ್ಕೆ ಇದು ಒಳ್ಳೆಯ ಮದ್ದೇ. ಆದರೆ ಮಾಲು ಸ್ವಚ್ಛ ಮಾಡಿ, ಗ್ರೇಡ್ ಮಾಡಿಸಿ, ಗೋದಾಮಿಗೆ ಸಾಗಿಸಬೇಕು, ಹತ್ತು ಚೀಲದ ರೈತನಿಗೆ ಆ ಖರ್ಚು ಗಿಟ್ಟದು. ಮೇಲಾಗಿ ದಲಾಲಿಯ ಮುಂಗಡ ಬೇಕಾಗುವುದು ಬಿತ್ತನೆಗೆ, ಆಗ ಅಡವಿಡಲು ಮಾಲೇ ಇರುವುದಿಲ್ಲ. ಆ ಹೊತ್ತಿಗೆ ಬೇಕಿರುವುದು ಬೆಳೆಸಾಲ, ಅದಕ್ಕೆ ಸಾಮಾನ್ಯವಾಗಿ ಪಹಣಿ ತನ್ನ ಹೆಸರಿನಲ್ಲಿರಬೇಕು. ಕೋರಿನ ಮೇಲೆ, ಅಂದರೆ ಬೆಳೆಯ ಪಾಲಿಗೆ, ಬೇರೆಯವರ ಹೊಲ ಮಾಡುವವನ ಹೆಸರಿನಲ್ಲಿ ಪಹಣಿ ಇರುವುದಿಲ್ಲ, ಅವನ ಕಾಲು ಮತ್ತೆ ಅದೇ ಅಂಗಡಿಯತ್ತ ತಿರುಗುತ್ತದೆ.