ಮೈನರ್ ಆಸ್ತಿ ಮಾರಿಬಿಟ್ಟರೆ ವಾಪಸ್ ಬರುತ್ತಾ?

ಅಪ್ಪ ತೀರಿಕೊಂಡಾಗ ಮಗುವಿಗೆ ಏಳೋ ಎಂಟೋ ವರ್ಷ. ಎರಡೆಕರೆ ಜಮೀನು, ಒಂದು ಸೈಟು. "ನಾನು ನೋಡ್ಕೋತೀನಿ" ಅಂತ ದೊಡ್ಡಪ್ಪನೋ ಸೋದರಮಾವನೋ ಮುಂದೆ ಬರುತ್ತಾರೆ. ಆ ಮಗು ಬೆಳೆದು, ಇಪ್ಪತ್ತೆರಡನೇ ವಯಸ್ಸಿನಲ್ಲಿ ಪಹಣಿ ತೆಗೆಸಿದರೆ ಅದರಲ್ಲಿ ಯಾರದೋ ಹೆಸರು. ಇಂಥ ಕತೆ ಇಲ್ಲದ ಊರಿಲ್ಲ, ಅಲ್ವಾ? ವಕೀಲರ ಹತ್ತಿರ ಹೋದರೆ ಪಾಲಕರು, ಟ್ರಸ್ಟಿ (ಇನ್ನೊಬ್ಬರ ಒಳಿತಿಗಾಗಿ ಆಸ್ತಿಯನ್ನು ವಹಿಸಿಕೊಂಡವರು), ಕಾಲಮಿತಿ (ದಾವೆ ಹಾಕಲು ಇರುವ ಗಡುವು) ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಮೊದಲಿಂದ ನೋಡೋಣ.

ಮಗುವಿನ ಆಸ್ತಿ ನೋಡಿಕೊಳ್ಳುವವರು ನಿಜವಾದ ಅಗತ್ಯಕ್ಕೆ ಅಥವಾ ಆ ಆಸ್ತಿಯ ಒಳಿತಿಗೆ ಮಾತ್ರ ಸಾಲ ಮಾಡಬಹುದು ಅಂತ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ ಹೇಳಿದ್ದು 1856ರಲ್ಲಿ. 1882ರಲ್ಲಿ ಟ್ರಸ್ಟ್ ಕಾಯ್ದೆ, 1890ರಲ್ಲಿ ಪಾಲಕರ ನೇಮಕದ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಬಂದವು. ಕೋರ್ಟ್ ನೇಮಿಸಿದ ಪಾಲಕರು ಕೋರ್ಟ್ ಕೇಳದೆ ಆಸ್ತಿ ಮಾರುವಂತಿಲ್ಲ, ಅಡ ಇಡುವಂತಿಲ್ಲ, ಕೇಳಿದಾಗ ಲೆಕ್ಕ ಒಪ್ಪಿಸಬೇಕು.

ಆದರೆ ನಮ್ಮಲ್ಲಿ ಕೋರ್ಟಿಗೆ ಹೋಗಿ ಪಾಲಕರಾಗುವವರು ಎಷ್ಟು ಜನ? ಅಸಲಿ ತೊಡಕು ಇರುವುದೇ ಇಲ್ಲಿ. ಹಿಂದೂಗಳಿಗೆ ಅನ್ವಯಿಸುವ 1956ರ ಪಾಲಕತ್ವ ಕಾಯ್ದೆ ಎರಡು ಗೆರೆ ಎಳೆಯಿತು. ಅಪ್ಪ ಅಥವಾ ಅಮ್ಮನೇ ಆದರೂ ಮಗುವಿನ ಸ್ವಂತ ಆಸ್ತಿಯನ್ನು ಕೋರ್ಟ್ ಅನುಮತಿ ಇಲ್ಲದೆ ಮಾರಿದರೆ, ಮಗು ದೊಡ್ಡದಾದ ಮೇಲೆ ಆ ಮಾರಾಟವನ್ನು ತಳ್ಳಿಹಾಕಬಹುದು. ದೊಡ್ಡಪ್ಪ, ಅಕ್ಕ, ಮಾವನಂಥವರು ಸುಮ್ನೆ ನೋಡಿಕೊಳ್ಳುತ್ತಿದ್ದವರು ಮಾತ್ರ ಆಗಿದ್ದರೆ ಅವರಿಗೆ ಮಾರುವ ಅಧಿಕಾರವೇ ಇಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿನ ಪಾಲು ಮಾತ್ರ ಈ ರಕ್ಷಣೆಯಿಂದ ಹೊರಗೆ. ಹಳ್ಳಿಗಳಲ್ಲಿ ಇರುವುದು ಜಾಸ್ತಿ ಅದೇ. ಅಲ್ಲಿ ಮನೆಯ ಯಜಮಾನ ಕುಟುಂಬದ ಅಗತ್ಯಕ್ಕೆ ಮಾರಿದೆ ಅಂದರೆ ವಾದವೇ ಬದಲಾಗುತ್ತದೆ.

ಇನ್ನು ಕಾಲಮಿತಿ. ಪಾಲಕರು ಮಾಡಿದ ಮಾರಾಟ ರದ್ದು ಮಾಡಿಸಲು ಹದಿನೆಂಟು ತುಂಬಿದ ದಿನದಿಂದ 3 ವರ್ಷ. ಡಿಗ್ರಿ ಓದುತ್ತಿರುವ ಹುಡುಗಿಗೆ ಈ ಗಡಿಯಾರ ಓಡುತ್ತಿದೆ ಅಂತ ಹೇಳುವವರು ಯಾರು? ಯಾವ ಕಚೇರಿಯಿಂದಲೂ ನೋಟಿಸ್ ಬರುವುದಿಲ್ಲ. ಅನ್ನ ಹಾಕಿ ಬೆಳೆಸಿದವರನ್ನೇ ಲೆಕ್ಕ ಕೇಳಲು ಇಪ್ಪತ್ತನೇ ವಯಸ್ಸಿಗೆ ಬಾಯಿಯೂ ಬರುವುದಿಲ್ಲ. ಈ ಮೂರು ವರ್ಷ ತೀರಾ ಕಡಿಮೆ ಅಂತಲೇ ನನಗನಿಸುತ್ತದೆ. ಉಯಿಲಿನಲ್ಲಿ ಟ್ರಸ್ಟ್ ಮಾಡಿ ಆಸ್ತಿಯನ್ನು ಟ್ರಸ್ಟಿಗೆ ವಹಿಸಿದ್ದರೆ ಸ್ಥಿತಿ ಎಷ್ಟೋ ಮೇಲು. ಆ ಟ್ರಸ್ಟಿಯ ಮೇಲೆ ಆಸ್ತಿಗೂ ಲೆಕ್ಕಕ್ಕೂ ದಾವೆ ಹಾಕಲು ಕಾಲಮಿತಿ ಅಡ್ಡ ಬರುವುದಿಲ್ಲ. ಆಸ್ತಿಯನ್ನು ಹಣ ಕೊಟ್ಟು ಕೊಂಡವರ ಮೇಲೆ ಹೋಗುವುದಾದರೆ ಮಾತ್ರ ಈ ಅನುಕೂಲ ಸಿಗದು.

2025ರ ಅಕ್ಟೋಬರ್‌ನಲ್ಲಿ ಒಂದು ಬಾಗಿಲು ತೆರೆಯಿತು, ಅದೂ ದಾವಣಗೆರೆಯ ಸೈಟುಗಳ ವಿಷಯದಲ್ಲಿ. ಮೂವರು ಗಂಡುಮಕ್ಕಳ ಹೆಸರಿನಲ್ಲಿ 1971ರಲ್ಲಿ ಕೊಂಡಿದ್ದ ಸೈಟುಗಳನ್ನು ಅಪ್ಪ ಕೋರ್ಟ್ ಅನುಮತಿ ಇಲ್ಲದೆ ಮಾರಿದ್ದರು. ಮಕ್ಕಳು ಬೆಳೆದ ಮೇಲೆ ಅದೇ ಸೈಟುಗಳನ್ನು ತಾವೇ ಬೇರೆಯವರಿಗೆ ಮಾರಿದರು. ಹಳೆಯ ಮಾರಾಟ ರದ್ದಾಗಲು ದಾವೆ ಹಾಕಲೇಬೇಕೆಂದಿಲ್ಲ, ಕಾಲಮಿತಿಯೊಳಗೆ ಹೀಗೆ ನಡೆದುಕೊಂಡು ತೋರಿಸಿದರೂ ಸಾಕು ಅಂತ ಸುಪ್ರೀಂ ಕೋರ್ಟ್ ಹೇಳಿತು.

ನಿಮ್ಮ ಮನೆಯಲ್ಲೂ ಇಂಥ ಅನುಮಾನ ಇದ್ದರೆ ಅಪ್ಪ ತೀರಿಕೊಂಡ ವರ್ಷದಿಂದ ಇಲ್ಲಿಯವರೆಗಿನ ಇಸಿ (ಆಸ್ತಿಯ ಮೇಲಿನ ಮಾರಾಟ, ಸಾಲಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿ. ಮಾರಾಟ ಕಂಡರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಕ್ರಯಪತ್ರದ ನಕಲು ತೆಗೆದುಕೊಳ್ಳಿ. ಸಹಿ ಹಾಕಿದವರು ಯಾರು, ಕೋರ್ಟ್ ಅನುಮತಿಯ ಮಾತು ಅದರಲ್ಲಿ ಇದೆಯಾ, ಅಷ್ಟನ್ನು ಮೊದಲು ಓದಿ ನೋಡಿ.