ಸ್ಕ್ರೂ ಮಷೀನಿಗೆ ಪ್ಲಂಜರ್ ಕಾಲದ ಲೆಕ್ಕ

ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತಳ್ಳಿ ಭಾಗ ಮಾಡುವ ಇಂಜೆಕ್ಷನ್ ಮೋಲ್ಡಿಂಗ್ ಶಾಪಿನಲ್ಲಿ ಭಾಗ ಹಳದಿಗಟ್ಟಿದರೆ ಆಪರೇಟರ್ ಕೈ ಮೊದಲು ಹೋಗುವುದು ಟೆಂಪರೇಚರ್ ಕಂಟ್ರೋಲರಿಗೆ. ಹತ್ತು ಡಿಗ್ರಿ ಇಳಿಸಿ ನೋಡುತ್ತಾರೆ, ಮತ್ತೆ ಹತ್ತು ಇಳಿಸುತ್ತಾರೆ. ಬ್ಯಾರೆಲ್ಲಿನ (ಪ್ಲಾಸ್ಟಿಕ್ ಕಾಳು ಕರಗುವ ಉಕ್ಕಿನ ಕೊಳವೆ) ನಡುವಲಯದ ಹೀಟರ್ ಆಗಲೇ ಆಫ್ ಆಗಿದೆ, ಆದರೂ ಅಲ್ಲಿನ ಬಿಸಿ ಸೆಟ್ಟಿಂಗಿಗಿಂತ ಮೇಲೇ ನಿಂತಿದೆ. ಆರಿದ ಹೀಟರನ್ನು ಇನ್ನೆಷ್ಟು ಆರಿಸುವುದು? ಅಲ್ಲಿ ಪ್ಲಾಸ್ಟಿಕ್ಕನ್ನು ಕಾಯಿಸುತ್ತಿರುವುದು ಬ್ಯಾರೆಲ್ಲಿನೊಳಗೆ ತಿರುಗುವ ಸ್ಕ್ರೂ.

ಜಾನ್ ವೆಸ್ಲಿ ಹಯಾಟ್ ಮತ್ತು ಅವನ ಸಹೋದರ 1872ರಲ್ಲಿ ಸೆಲ್ಯುಲಾಯ್ಡ್‌ಗಾಗಿ ಪೇಟೆಂಟ್ ಪಡೆದ ಯಂತ್ರದಲ್ಲಿ ಇದ್ದದ್ದು ಪ್ಲಂಜರ್. ಕಾದ ಸಿಲಿಂಡರಿನೊಳಗೆ ದಂಡ ಮುಂದೆ ಹೋಗಿ ಮೆದುವಾದ ಮಾಲನ್ನು ಅಚ್ಚಿಗೆ ತಳ್ಳುತ್ತಿತ್ತು. ಪ್ಲಾಸ್ಟಿಕ್ಕಿನ ಉಷ್ಣವಾಹಕತೆ ಉಕ್ಕಿನದರ ಇನ್ನೂರನೇ ಒಂದು ಪಾಲಿನ ಆಸುಪಾಸು. ಹಾಗಾಗಿ ಗೋಡೆಗೆ ತಾಗಿದ ಪದರ ಸುಡುವಾಗಲೂ ನಡುವಿನದು ಹಸಿಯಾಗಿಯೇ ಇರುತ್ತಿತ್ತು. ಮಾಲನ್ನು ತೆಳುಪದರವಾಗಿ ಹರಡಲು ನಡುವೆ ಟಾರ್ಪೀಡೊ ಎಂಬ ಲೋಹದ ದಿಮ್ಮಿ ಇಟ್ಟರು. ಅದರಿಂದ ಅರ್ಧ ಪರಿಹಾರ ಸಿಕ್ಕಿತು, ಒತ್ತಡ ಮಾತ್ರ ಬಹಳ ಪೋಲಾಯಿತು. 1946ರಲ್ಲಿ ಜೇಮ್ಸ್ ಹೆಂಡ್ರಿ ಇಂಜೆಕ್ಷನ್ ಯಂತ್ರಕ್ಕೆ ಸ್ಕ್ರೂ ತಂದ. ತಿರುಗಿ ಕರಗಿಸಿ, ಹಿಂದೆ ಸರಿದು, ತಾನೇ ಪ್ಲಂಜರಿನಂತೆ ಮುಂದೆ ನುಗ್ಗುವ ಸ್ಕ್ರೂಗೆ ವಿಲಿಯಂ ವಿಲರ್ಟ್ 1952ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಅದು ಮಂಜೂರಾದದ್ದು 1956ರಲ್ಲಿ. ಇಂದು ಪೀಣ್ಯದ ಶೆಡ್ಡುಗಳಲ್ಲಿ ಓಡುವ ಮಷೀನುಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು.

ಈ ಸ್ಕ್ರೂನಲ್ಲಿ ಬಿಸಿಯ ಬಹುಪಾಲು ಹುಟ್ಟುವುದು ಉಜ್ಜಾಟದಿಂದ, ಅಂದರೆ ಮೋಟಾರಿನ ಶಕ್ತಿಯಿಂದ. ಸಾಮಾನ್ಯ ಸ್ಕ್ರೂನ ಉದ್ದ ಅದರ ವ್ಯಾಸದ ಇಪ್ಪತ್ತು ಪಟ್ಟು. ಮೊದಲ ಅರ್ಧ ಕಾಳು ಸಾಗಿಸುವ ಫೀಡ್ ವಲಯ, ಮುಂದಿನ ಕಾಲುಭಾಗ ಅದನ್ನು ಒತ್ತುವ ಕಂಪ್ರೆಷನ್, ಕೊನೆಯದು ಕರಗಿದ ಮಾಲನ್ನು ಹದವಾಗಿ ಮುಂದೆ ಕಳಿಸುವ ಮೀಟರಿಂಗ್. ಫೀಡಿನಲ್ಲಿ ಸ್ಕ್ರೂನ ತೋಡು ಆಳ, ಮೀಟರಿಂಗಿನಲ್ಲಿ ಅದರ ಎರಡೂವರೆಯಲ್ಲಿ ಒಂದು ಪಾಲು. ಕಾಳು ಕರಗುವುದು ಮುಖ್ಯವಾಗಿ ನಡುವಿನ ಕಾಲುಭಾಗದಲ್ಲಿ. ಅಲ್ಲಿ ಸೆಟ್ಟಿಂಗ್ ಮೀರಿ ಬಿಸಿ ಏರಿದರೆ ಇಳಿಸಬೇಕಾದ್ದು ಆರ್‌ಪಿಎಂ, ಇಲ್ಲವೇ ಬ್ಯಾಕ್ ಪ್ರೆಷರ್ (ಹಿಂದೆ ಸರಿಯುವ ಸ್ಕ್ರೂವನ್ನು ತಡೆಯುವ ಒತ್ತಡ). ಕೆಲವೊಮ್ಮೆ ಹಿಂದಿನ ವಲಯದ ಬಿಸಿಯನ್ನು ಏರಿಸಬೇಕಾಗುತ್ತದೆ. ನಂಬುವುದು ಕಷ್ಟ, ಆದರೆ ಕಾಳು ಮೊದಲೇ ಮೆತ್ತಗಾಗಿ ಬಂದರೆ ಕಂಪ್ರೆಷನ್ನಿನಲ್ಲಿ ತಿಕ್ಕಾಟ ಕಡಿಮೆಯಾಗುತ್ತದೆ, ಟಾರ್ಕ್ ಇಳಿಯುತ್ತದೆ. ಕರಗದ ಕಾಳು ಮುಂದೆ ಬರುವ ನೈಲಾನ್ 66ಗೆ ಈ ತಿರುಗುಮುರುಗು ಪ್ರೊಫೈಲೇ (ಹಿಂದೆ ಹೆಚ್ಚು, ಮುಂದೆ ಕಡಿಮೆ ಬಿಸಿ) ಮದ್ದು.

ಕಂಟ್ರೋಲರ್ ತೋರಿಸುವುದು ಉಕ್ಕಿನ ಉಷ್ಣತೆ. ಮಾಲಿನದು ಬೇಕಿದ್ದರೆ ಸೈಕಲ್ ಸ್ಥಿರವಾಗಿ ಓಡುತ್ತಿರುವಾಗ ನಿಲ್ಲಿಸಿ ಏರ್ ಶಾಟ್ ತೆಗೆದು (ಮಾಲನ್ನು ಅಚ್ಚಿಗೆ ಬಿಡದೆ ಹೊರಗೆ ಸುರಿಸಿ), ಮೊದಲೇ ಕಾಯಿಸಿಟ್ಟ ಸೂಜಿ ಪ್ರೋಬನ್ನು ಆ ಮುದ್ದೆಯಲ್ಲಿ ಆಡಿಸಿ ಅಳೆಯಬೇಕು. ತಣ್ಣನೆ ಪ್ರೋಬ್ ಚುಚ್ಚಿದರೆ ಅದಕ್ಕೆ ತೆಳು ಚರ್ಮ ಮೆತ್ತಿಕೊಂಡು ಓದು ಕಡಿಮೆ ಬರುತ್ತದೆ.

ಆರ್‌ಪಿಎಂ ಸಂಖ್ಯೆಗೆ ಒಂಟಿಯಾಗಿ ಅರ್ಥವಿಲ್ಲ, ಲೆಕ್ಕಕ್ಕೆ ಬರುವುದು ಸ್ಕ್ರೂ ಅಂಚಿನ ವೇಗ. 40 ಮಿಮೀ ಸ್ಕ್ರೂ 150 ಆರ್‌ಪಿಎಂನಲ್ಲಿ ತಿರುಗಿದರೆ ಅಂಚು ಸೆಕೆಂಡಿಗೆ ಸುಮಾರು 0.31 ಮೀಟರ್ ಓಡುತ್ತದೆ. ಅದೇ 150 ಆರ್‌ಪಿಎಂ 80 ಮಿಮೀ ಸ್ಕ್ರೂಗೆ ಕೊಟ್ಟರೆ 0.63 ಮೀಟರ್. ಪಾಲಿಪ್ರೊಪಿಲೀನಿಗೆ ಇದು ಅಡ್ಡಿಯಿಲ್ಲ. ಗಟ್ಟಿ ಪಿವಿಸಿ ಸುಟ್ಟು ಕಂದಾಗುತ್ತದೆ, ಗಾಜಿನ ನಾರು ತುಂಬಿದ ನೈಲಾನಿನಲ್ಲಿ ನಾರು ಮುರಿದು ಭಾಗದ ಬಲ ಹೋಗುತ್ತದೆ. ಈ ಎರಡಕ್ಕೂ 0.2 ಮೀಟರಿನೊಳಗೇ ಇರುವುದು ಕ್ಷೇಮ. ಕೂಲಿಂಗ್ ಮುಗಿಯುವ ಒಂದೆರಡು ಸೆಕೆಂಡ್ ಮುಂಚೆ ರೀಫಿಲ್, ಅಂದರೆ ಮುಂದಿನ ಭಾಗಕ್ಕೆ ಸ್ಕ್ರೂ ಮಾಲು ತುಂಬಿಕೊಳ್ಳುವುದು, ಮುಗಿದರೆ ಸಾಕು. ಬೇಗ ಮುಗಿಸಿ ಕಾದು ಕೂರುವ ಸ್ಕ್ರೂನಿಂದ ಉತ್ಪಾದನೆ ಒಂದು ಪೀಸೂ ಹೆಚ್ಚುವುದಿಲ್ಲ.

ಬ್ಯಾಕ್ ಪ್ರೆಷರಿನಲ್ಲಿ ಒಂದು ಬಲೆ ಇದೆ. ಹೈಡ್ರಾಲಿಕ್ ಮಷೀನಿನ ಗೇಜ್ ಎಣ್ಣೆಯ ಒತ್ತಡ ತೋರಿಸುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಬೀಳುವುದು ಅದರ ಸುಮಾರು ಹತ್ತು ಪಟ್ಟು. ಗೇಜಿನ 8 ಬಾರ್ ಅಂದರೆ ಮಾಲಿಗೆ 80 ಬಾರ್. ಎಲೆಕ್ಟ್ರಿಕ್ ಮಷೀನು ಮಾಲಿನ ಒತ್ತಡವನ್ನೇ ನೇರ ತೋರಿಸುತ್ತದೆ. ಹಳೆಯ ಸೆಟ್ಟಿಂಗ್ ಹಾಳೆ ನೋಡಿ ಅಲ್ಲಿಯೂ 8 ಎಂದು ಹಾಕಿದರೆ ಬ್ಯಾಕ್ ಪ್ರೆಷರ್ ಇಲ್ಲದಂತೆಯೇ. ಮಾಸ್ಟರ್‌ಬ್ಯಾಚ್ (ಮಾಲಿಗೆ ಬೆರೆಸುವ ಬಣ್ಣದ ಕಾಳು) ಬಣ್ಣ ಸರಿಯಾಗಿ ಬೆರೆಯದೆ ಗೆರೆಗೆರೆಯಾಗಿ ಬಂದಾಗ ದೂರು ಬಣ್ಣದವನ ಮೇಲೆ!

ಮಷೀನಿನ ಗಾತ್ರದ ಲೆಕ್ಕವೂ ಇಲ್ಲಿಗೇ ಸೇರುತ್ತದೆ. 200 ಗ್ರಾಂ ಶಾಟ್ (ಒಂದು ಸಲ ತಳ್ಳಬಲ್ಲ ಗರಿಷ್ಠ ಮಾಲು) ಎಂದು ಬರೆದಿದ್ದರೆ ಅದು ಪಾಲಿಸ್ಟೈರೀನಿನ ಲೆಕ್ಕ, ಪಾಲಿಪ್ರೊಪಿಲೀನಿಗೆ 155–160 ಗ್ರಾಂ ಅಷ್ಟೇ. ಬ್ಯಾರೆಲ್ಲಿನಲ್ಲಿ ಒಟ್ಟು ನಿಂತಿರುವ ಮಾಲು ಶಾಟಿನ ಸುಮಾರು ಎರಡು ಪಟ್ಟು. ಇಂಥ ಮಷೀನಿನಲ್ಲಿ 30 ಸೆಕೆಂಡ್ ಸೈಕಲ್ಲಿನ 20 ಗ್ರಾಂ ಎಬಿಎಸ್ ಪ್ಲಾಸ್ಟಿಕ್ ಭಾಗ ಹೊಡೆದರೆ 400 ಗ್ರಾಂ ಖಾಲಿಯಾಗಲು ಇಪ್ಪತ್ತು ಶಾಟ್, ಹತ್ತು ನಿಮಿಷ. ಅಷ್ಟು ಹೊತ್ತು 240 ಡಿಗ್ರಿಯಲ್ಲಿ ಬೆಂದ ಎಬಿಎಸ್ ಹಳದಿಗಟ್ಟದೆ ಇನ್ನೇನಾದೀತು? ಖಾಲಿ ಇದ್ದ ದೊಡ್ಡ ಮಷೀನಿಗೆ ಚಿಕ್ಕ ಅಚ್ಚು ಏರಿಸುವ ಉಳಿತಾಯ ರಿಜೆಕ್ಷನ್ ಡಬ್ಬಿಯಲ್ಲಿ ಹೊರಟುಹೋಗುತ್ತದೆ. ತುಂಬ ಚಿಕ್ಕ ಮಷೀನೂ ಸಲ್ಲ: ಸ್ಟ್ರೋಕ್ (ಸ್ಕ್ರೂ ಹಿಂದೆ ಸರಿಯುವ ದೂರ) ವ್ಯಾಸದ ನಾಲ್ಕು ಪಟ್ಟು ಮೀರಿದರೆ ಫೀಡ್ ವಲಯ ಗಿಡ್ಡವಾಗಿ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ.

ಭಾಗದ ಮೇಲೆ ಮೂಡುವ ಬೆಳ್ಳಿಗೆರೆಗೆ ಕಾರಣ ತೇವ, ಅತಿ ಬಿಸಿ ಅಥವಾ ಗಾಳಿ. ಗುರುತಿಸಲು ಏರ್ ಶಾಟ್ ಸಾಕು. ಮುದ್ದೆ ನೊರೆಗಟ್ಟಿ ಚಟಚಟ ಸಿಡಿದರೆ ತೇವ. ಹೊಗೆ, ವಾಸನೆ, ಬಣ್ಣಗೇಡು ಇದ್ದರೆ ಅತಿ ಬಿಸಿ. ಮುದ್ದೆ ಚೆನ್ನಾಗಿದ್ದೂ ಭಾಗದಲ್ಲಿ ಗೇಟಿನ (ಮಾಲು ಅಚ್ಚಿನೊಳಗೆ ನುಗ್ಗುವ ಕಿಂಡಿ) ಸುತ್ತ ಮಾತ್ರ ಗೆರೆ ಬಂದರೆ ಸಕ್‌ಬ್ಯಾಕ್ (ಮಾಲು ತುಂಬಿದ ಮೇಲೆ ಸ್ಕ್ರೂವನ್ನು ತುಸು ಹಿಂದಕ್ಕೆಳೆಯುವುದು) ಜಾಸ್ತಿಯಾಗಿ ಬ್ಯಾರೆಲ್ಲಿನ ತುದಿಯ ನಾಝಲ್ ಗಾಳಿ ಎಳೆದುಕೊಂಡಿರುತ್ತದೆ. ಒಣಗಿಸುವ ಅಂಕಿಗಳಲ್ಲಿ ರಾಜಿ ಬೇಡ: ಪಾಲಿಕಾರ್ಬೊನೇಟ್ 120 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ, ತೇವ ಶೇ 0.02ರೊಳಗೆ. ನೈಲಾನ್ 80 ಡಿಗ್ರಿ, ಶೇ 0.2ರೊಳಗೆ. ಪೆಟ್ 160ರಿಂದ 170 ಡಿಗ್ರಿ, ಶೇ 0.005ರೊಳಗೆ. ಪೆಟ್ ಮತ್ತು ಪಾಲಿಕಾರ್ಬೊನೇಟಿನಲ್ಲಿ ಗೆರೆ ಕಾಣದಿದ್ದರೂ ನೀರು ಸರಪಳಿ ಕತ್ತರಿಸಿ ಭಾಗ ಪೆಡಸಾಗಿರಬಹುದು. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರಿನ ಕಡೆ, ಬರೀ ಬಿಸಿಗಾಳಿ ಹಾಪರ್ ಸಾಲದು. ತೇವ ತೆಗೆದ ಗಾಳಿಯ ಡ್ರೈಯರ್ ಬೇಕು. ಕಾಳು ಬ್ಯಾರೆಲ್ಲಿಗೆ ಬೀಳುವ ಬಾಯಿಗೆ, ಅಂದರೆ ಫೀಡ್ ಥ್ರೋಟಿಗೆ, ಚಿಲ್ಲರ್ ನೀರು ಬಿಡುವ ರೂಢಿಯೂ ಹಾಳು. 10 ಡಿಗ್ರಿಯ ಉಕ್ಕಿನ ಮೇಲೆ ಇಬ್ಬನಿ ಕಟ್ಟಿ ಒಣಗಿದ ಕಾಳು ಅಲ್ಲೇ ಮತ್ತೆ ನೆನೆಯುತ್ತದೆ. ಥ್ರೋಟ್ 40ರಿಂದ 60 ಡಿಗ್ರಿ ಇದ್ದರೆ ಕಾಳು ಕಟ್ಟಿಕೊಳ್ಳುವುದೂ ಇಲ್ಲ, ಬೆವರುವುದೂ ಇಲ್ಲ.

ಪಿವಿಸಿ ಮತ್ತು ಅಸಿಟಾಲ್ ಎಂಬ ಎರಡು ಪ್ಲಾಸ್ಟಿಕ್ ಒಂದೇ ಬ್ಯಾರೆಲ್ಲಿನಲ್ಲಿ ಸೇರಲೇಬಾರದು. ಪಿವಿಸಿ ಬಿಡುವ ಹೈಡ್ರೋಕ್ಲೋರಿಕ್ ಆಮ್ಲ ಅಸಿಟಾಲನ್ನು ಒಡೆದು ಫಾರ್ಮಾಲ್ಡಿಹೈಡ್ ಅನಿಲ ಮಾಡುತ್ತದೆ. ಆಗ ನಾಝಲ್ ಕಟ್ಟಿದ್ದರೆ ಮಾಲು ಸಿಡಿದು ಎದುರು ನಿಂತವನ ಮುಖಕ್ಕೆ ಬರುತ್ತದೆ. ನಡುವೆ ಪಾಲಿಎಥಿಲೀನ್ ಹಾಕಿ ಬಣ್ಣ, ವಾಸನೆ ಎರಡೂ ಹೋಗುವವರೆಗೆ ಪರ್ಜ್ ಮಾಡಿ, ಅಂದರೆ ಹಳೆಯ ಮಾಲನ್ನು ಹೊರದಬ್ಬಿ.

ಇಷ್ಟೆಲ್ಲ ಸರಿಯಿದ್ದೂ ತೂಕ ಶಾಟಿನಿಂದ ಶಾಟಿಗೆ ಏರುಪೇರಾದರೆ ಚೆಕ್ ರಿಂಗ್ (ತಳ್ಳುವಾಗ ಮಾಲು ಹಿಂದೆ ಹೋಗದಂತೆ ತಡೆಯುವ ಸ್ಕ್ರೂ ತುದಿಯ ಬಳೆ) ನೋಡಿ. ಕುಶನ್ (ಸ್ಕ್ರೂ ಮುಂದೆ ಉಳಿಸುವ ಮಾಲು) 3ರಿಂದ 6 ಮಿಮೀ ಇಟ್ಟು, ಅಚ್ಚು ತುಂಬಿದ ಮೇಲೂ ಒತ್ತಿ ಹಿಡಿಯುವ ಹೋಲ್ಡಿಂಗ್ ಸಮಯದಲ್ಲಿ ಸ್ಕ್ರೂ ಸ್ಥಾನ ಗಮನಿಸಿ. ಗೇಟ್ ಹೆಪ್ಪುಗಟ್ಟಿದ ಮೇಲೂ ಸ್ಕ್ರೂ ಮುಂದೆ ತೆವಳುತ್ತಿದ್ದರೆ, ಅಥವಾ ಇಂಜೆಕ್ಷನ್ ಹೊತ್ತಿನಲ್ಲಿ ಹಿಮ್ಮುಖ ತಿರುಗಿದರೆ, ರಿಂಗ್ ದಾಟಿ ಮಾಲು ಹಿಂದಕ್ಕೆ ಸೋರುತ್ತಿದೆ. ಗಾಜು ತುಂಬಿದ ಮಾಲು ಓಡಿಸುವ ಮಷೀನಿನಲ್ಲಿ ಇದು ಬೇಗ ಸವೆಯುವ ಭಾಗ. ರಿಂಗ್ ಮಾತ್ರ ಬದಲಿಸಿ ಸುಮ್ಮನಾಗಬೇಡಿ. ಅದು ಕೂರುವ ಸೀಟ್ ಮತ್ತು ಆ ಜಾಗದಲ್ಲಿ ಬ್ಯಾರೆಲ್ಲಿನ ಒಳವ್ಯಾಸವನ್ನೂ ಅಳೆಯಿರಿ. ಬ್ಯಾರೆಲ್ ಅಲ್ಲೇ ಅಗಲಗೊಂಡಿದ್ದರೆ ಹೊಸ ರಿಂಗೂ ಮೊದಲ ದಿನದಿಂದಲೇ ಸೋರುತ್ತದೆ.